ಟಿಕೆಟ್ ಪ್ರಿಂಟರ್: ನಾನು ಆರಿಸಿದ್ದು ಹೀಗೆ

ಕಾರ್ಯಕ್ರಮದ ಟಿಕೆಟ್‌ಗೆ ಯಾವ ಪ್ರಿಂಟರ್ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ಕೇಳುವುದು ಒಂದೇ. ಟಿಕೆಟ್ ಮುಂಚೆಯೇ ಅಚ್ಚಾಗಿರುತ್ತಾ, ಇಲ್ಲ ಕೌಂಟರ್ ಮುಂದೆ ಜನ ನಿಂತಿರುವಾಗ ಅಚ್ಚಾಗಬೇಕಾ?

ಮುಂಚೆಯೇ ಆಗುವುದಾದರೆ ಲೇಸರ್ ಸಾಕು. ಎಷ್ಟು ಜಿಎಸ್‌ಎಂ (ಚದರ ಮೀಟರ್‌ಗೆ ಎಷ್ಟು ಗ್ರಾಂ ತೂಕ) ಹಾಳೆ ಎಳೆಯುತ್ತದೆ ಅಂತ ನೋಡಿಕೊಳ್ಳಿ, ಅಷ್ಟೇ. ಇಂಕ್‌ಜೆಟ್‌ನಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ, ಆದರೆ ಒದ್ದೆ ಕೈ ತಾಗಿದರೆ ಎಷ್ಟೋ ಇಂಕ್‌ಗಳು ಹರಡುತ್ತವೆ.

ನಮ್ಮ ನಾಟಕಗಳಿಗೆ ಬೇಕಿದ್ದದ್ದು ಕೌಂಟರ್ ಟಿಕೆಟ್. ಹಾಗಾಗಿ ಡೈರೆಕ್ಟ್ ಥರ್ಮಲ್ ಆರಿಸಿದೆ. ಇಂಕ್ ಇಲ್ಲ, ರಿಬ್ಬನ್ ಇಲ್ಲ, ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗುತ್ತದೆ. ಯಾವ ಬದಿಗೆ ಲೇಪ ಇದೆ ಅಂತ ಗೊತ್ತಾಗದಿದ್ದರೆ ಉಗುರಿನಿಂದ ಜೋರಾಗಿ ಗೀರಿ. ಕಪ್ಪು ಗೆರೆ ಮೂಡಿದ್ದೇ ಅಚ್ಚಿನ ಬದಿ. ಈ ಕಾಗದವನ್ನು ಲೇಸರ್‌ಗೆ ಮಾತ್ರ ಹಾಕಬೇಡಿ, ಅದರ ಬಿಸಿಗೆ ಇಡೀ ಹಾಳೆ ಕಪ್ಪಾದೀತು.

ಹೆಚ್ಚು ತಲೆ ಕೆಡಿಸಿಕೊಂಡಿದ್ದು ಕ್ಯೂಆರ್ ಕೋಡ್‌ಗೆ. 203 ಡಿಪಿಐ, ಅಂದರೆ ಇಂಚಿಗೆ 203 ಚುಕ್ಕೆ, ಮಿಲಿಮೀಟರ್‌ಗೆ 8 ಚುಕ್ಕೆ. ಕೋಡ್‌ನ ಒಂದೊಂದು ಚೌಕದ ಬದಿಗೆ 4 ಚುಕ್ಕೆ ಕೊಟ್ಟರೆ ಚೌಕ ಅರ್ಧ ಮಿಲಿಮೀಟರ್. ಬದಿಗೆ 25 ಚೌಕ ಇರುವ ಕೋಡ್ 12.5 ಮಿಲಿಮೀಟರ್ ಆಗುತ್ತದೆ, ಸುತ್ತ 4 ಚೌಕದಷ್ಟು ಖಾಲಿ ಜಾಗ ಬೇರೆ ಬಿಡಬೇಕು. ಟಿಕೆಟ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ. ಅಂದ ಮೇಲೆ 300 ಡಿಪಿಐಗೆ ಸುಮ್ನೆ ದುಡ್ಡು ಯಾಕೆ? ಕೋಡನ್ನು ಚಿತ್ರವಾಗಿ ಕಳಿಸಿ ಹಿಗ್ಗಿಸಿದರೆ ಅಂಚು ಏರುಪೇರಾಗುತ್ತದೆ, ಅದಕ್ಕೆ ಪ್ರಿಂಟರ್‌ನ ಕಮಾಂಡ್‌ನಿಂದಲೇ ಬರೆಸಿದೆ. ಕಪ್ಪು ಜಾಸ್ತಿಯಾಗಲಿ ಅಂತ ಬಿಸಿ ಏರಿಸಿದರೂ ಕಷ್ಟವೇ, ನಡುವಿನ ಬಿಳಿ ಚೌಕಗಳು ಮುಚ್ಚಿಹೋಗುತ್ತವೆ.

ಕೌಂಟರ್‌ಫಾಯಿಲ್ ಹರಿಯುವ ಟಿಕೆಟ್ ಆದರೆ ಬ್ಲ್ಯಾಕ್ ಮಾರ್ಕ್ ಸೆನ್ಸರ್ ಇರಲೇಬೇಕು. ಕಾಗದದ ಮೇಲಿನ ಕಪ್ಪು ಪಟ್ಟಿ ನೋಡಿ ಟಿಕೆಟ್ ಎಲ್ಲಿ ಶುರು ಅಂತ ಅದು ತಿಳಿಯುತ್ತದೆ. ಸಾಮಾನ್ಯ ಬಿಲ್ ಪ್ರಿಂಟರ್‌ಗಳಲ್ಲಿ ಎಷ್ಟೋ ಸಲ ಇದು ಇರುವುದಿಲ್ಲ. ಆಗ ಅಚ್ಚು ಸ್ವಲ್ಪಸ್ವಲ್ಪವೇ ಸರಿದು ಸೀಟ್ ನಂಬರ್ ತೂತಿನ ಗೆರೆ ಮೇಲೇ ಕೂರುತ್ತದೆ. ಕಾಗದ ರೋಲ್‌ಗಿಂತ ಹಿಂದೆ ಮುಂದೆ ಮಡಚಿಟ್ಟದ್ದೇ ವಾಸಿ, ಟಿಕೆಟ್ ಸುರುಳಿಯಾಗಲ್ಲ.

ಡೈರೆಕ್ಟ್ ಥರ್ಮಲ್‌ಗೆ ಬಿಸಿಲು ಆಗದು, ಸ್ಯಾನಿಟೈಸರ್ ಅಂತೂ ಆಗಲೇ ಆಗದು. ಮೇಲ್ಲೇಪ ಇರುವ ಕಾಗದ ಸ್ವಲ್ಪ ತಡೆಯುತ್ತದೆ. ವರ್ಷವಿಡೀ ಇಟ್ಟುಕೊಳ್ಳುವ ಪಾಸ್ ಆದರೆ ರಿಬ್ಬನ್ ಇರುವ ಥರ್ಮಲ್ ಟ್ರಾನ್ಸ್‌ಫರ್ ತಗೊಳ್ಳಿ.

ಟಿಕೆಟ್ ಉದ್ದಕ್ಕೂ ಬಿಳಿ ಗೆರೆ ಬಂದರೆ ಮೊದಲು ಹೆಡ್ (ಕಾಗದಕ್ಕೆ ಬಿಸಿ ತಾಗಿಸುವ ಭಾಗ) ಒರೆಸಿ ನೋಡಿ. ಸಾಮಾನ್ಯವಾಗಿ ಧೂಳೇ ಇರುತ್ತದೆ. ಪ್ರಿಂಟರ್ ಆಫ್ ಮಾಡಿ, ಹೆಡ್ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು.