ಬಿಸಿಲಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವುದು ಹೇಗೆ?

ಚಿಕ್ಕ ಸೋಲಾರ್ ಪ್ಯಾನೆಲ್ ಇದ್ದರೆ ಸಾಕು, ಇದನ್ನು ಮಾಡಿ ನೋಡಬಹುದು. ಆದರೆ ಜಾಸ್ತಿ ಜನ ಒಂದು ಕಡೆ ಎಡವುತ್ತಾರೆ. ಎಷ್ಟು ಗ್ಯಾಸ್ ಬರುತ್ತದೆ ಅನ್ನೋದು ಕರೆಂಟಿನ ಮೇಲೆ ನಿಂತಿದೆ, ವೋಲ್ಟೇಜ್ ಮೇಲೆ ಅಲ್ಲ. 1 ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 450 ಮಿಲಿಲೀಟರ್ ಹೈಡ್ರೋಜನ್ ಬರುತ್ತದೆ. ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು, ನಿಜವಾಗಿ ಮಾಡುವಾಗ 2 ಅಥವಾ ಸ್ವಲ್ಪ ಜಾಸ್ತಿ. ಹಾಗಿದ್ದಾಗ 6 ವೋಲ್ಟ್ ಪ್ಯಾನೆಲನ್ನು ಒಂದೇ ಲೋಟಕ್ಕೆ ಜೋಡಿಸಿದರೆ ಉಳಿದದ್ದು ಸುಮ್ನೆ ದಂಡ ಅಲ್ವಾ? ಎರಡು ಲೋಟ ನೀರಿನಲ್ಲಿ ತಲಾ ಎರಡು ಲೋಹದ ಪಟ್ಟಿ ಇಳಿಸಿ, ಲೋಟಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿ: ಪ್ಯಾನೆಲಿನ ಪ್ಲಸ್ ವೈರ್ ಮೊದಲ ಲೋಟದ ಒಂದು ಪಟ್ಟಿಗೆ, ಅದರ ಇನ್ನೊಂದು ಪಟ್ಟಿಯಿಂದ ಎರಡನೇ ಲೋಟದ ಒಂದು ಪಟ್ಟಿಗೆ, ಅಲ್ಲಿನ ಇನ್ನೊಂದು ಪಟ್ಟಿಯಿಂದ ವಾಪಸ್ ಮೈನಸ್‌ಗೆ. ಅದೇ ಕರೆಂಟ್ ಎರಡೂ ಕಡೆ ಕೆಲಸ ಮಾಡುತ್ತದೆ.

ಡಿಸ್ಟಿಲ್ಡ್ ವಾಟರ್ ಒಂದರಲ್ಲೇ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಸ್ವಲ್ಪ ವಾಷಿಂಗ್ ಸೋಡಾ ಕರಗಿಸಿ. ಅಡುಗೆ ಉಪ್ಪು ಮಾತ್ರ ಬೇಡವೇ ಬೇಡ, ಅದರಿಂದ ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ. ನೀರಲ್ಲಿ ಇಳಿಸಲು ನಿಕಲ್ ಪಟ್ಟಿ ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲ್ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದರಲ್ಲಿರುವ ಕ್ರೋಮಿಯಂ ನೀರಿಗೆ ಇಳಿದು ವಿಷವಾಗಬಹುದು. ಪಟ್ಟಿಗಳು ಹತ್ತಿರ ಇರಲಿ, ಒಂದಕ್ಕೊಂದು ತಾಗಬಾರದು.

ಇನ್ನು ಗ್ಯಾಸ್ ಹಿಡಿಯುವುದು. ಟೆಸ್ಟ್ ಟ್ಯೂಬಿನಲ್ಲಿ ಅದೇ ನೀರು ತುಂಬಿ, ಮೈನಸ್ ಪಟ್ಟಿಯ ಮೇಲೆ ಬೋರಲು ಇಡಿ. ಗುಳ್ಳೆ ಮೇಲೇರಿದಂತೆ ನೀರು ಕೆಳಗಿಳಿಯುತ್ತದೆ. ಪ್ಲಸ್ ಪಟ್ಟಿಯ ಮೇಲೂ ಒಂದು ಇಟ್ಟರೆ ಅದರಲ್ಲಿ ಆಕ್ಸಿಜನ್, ಹೈಡ್ರೋಜನ್‌ನ ಸುಮಾರು ಅರ್ಧದಷ್ಟು.

ದಯವಿಟ್ಟು ಇವೆರಡನ್ನೂ ಒಂದೇ ಬಾಟಲಿಗೆ ಬಿಡಬೇಡಿ. ಹೈಡ್ರೋಜನ್ ಗಾಳಿಯಲ್ಲಿ 4ರಿಂದ 75 ಶೇಕಡಾ ಬೆರೆತಿದ್ದರೂ ಹೊತ್ತಿಕೊಳ್ಳುತ್ತದೆ, ಸಣ್ಣ ಕಿಡಿ ಸಾಕು, ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಬಯಲಲ್ಲೇ ಮಾಡಿ, ಕನ್ನಡಕ ಹಾಕಿ, ಮುಚ್ಚಳ ಬಿಗಿದು ಕೂಡಿಡಬೇಡಿ, ಒಂದು ಟ್ಯೂಬಿಗಿಂತ ಜಾಸ್ತಿ ಹಿಡಿಯಬೇಡಿ. ಪರೀಕ್ಷೆ ಮಾಡಬೇಕಾದರೆ ಟ್ಯೂಬನ್ನು ಬೋರಲಾಗಿಯೇ ಲೋಟದಿಂದ ದೂರ ಒಯ್ದು, ಬಾಯಿಗೆ ಉರಿಯುವ ಕಡ್ಡಿ ಹಿಡಿಯಿರಿ, 'ಪಟ್' ಅನ್ನುತ್ತದೆ.

ಪ್ಯಾನೆಲ್ ಇಲ್ಲದೆ, ಬೆಳಕು ಬಿದ್ದ ವಸ್ತುವೇ ನೀರು ಒಡೆಯುವ ದಾರಿಯೂ ಇದೆ. ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಬಳಸಿ ಇದನ್ನು ತೋರಿಸಿದರು. ಆದರೆ ಅದು ಹೀರುವುದು ಬಿಸಿಲಿನ ಅಲ್ಟ್ರಾವೈಲೆಟ್ ಭಾಗವನ್ನು ಮಾತ್ರ, ಅದು ಬಹಳ ಕಡಿಮೆ. ಹಾಗಾಗಿ ಸದ್ಯಕ್ಕೆ ಪ್ಯಾನೆಲ್ ದಾರಿಯೇ ಸುಲಭ.

ದೊಡ್ಡದಾಗಿ ಮಾಡುವ ಆಸೆ ಇದ್ದರೆ ಲೆಕ್ಕ ನೋಡಿ: 1 ಕೆಜಿ ಹೈಡ್ರೋಜನ್‌ಗೆ ಒಡೆಯುವ ನೀರು ಬರೀ 9 ಲೀಟರ್, ವಿದ್ಯುತ್ ಮಾತ್ರ ಸುಮಾರು 50ರಿಂದ 55 ಯೂನಿಟ್. ಅದರಿಂದ ವಾಪಸ್ ಸಿಗುವ ಶಕ್ತಿ ಸುಮಾರು 33 ಯೂನಿಟ್. ನೇರವಾಗಿ ವಿದ್ಯುತ್ತಿನಲ್ಲೇ ಆಗುವ ಕೆಲಸಕ್ಕೆ ಇದನ್ನು ಬಳಸಬೇಡಿ.

ಕೆಲಸ ಮುಗಿದ ಮೇಲೆ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಆಮೇಲೆ ವೈರ್ ಬಿಚ್ಚಿ. ಬಿಸಿಲಿರುವಾಗ ಬಿಚ್ಚಿದರೆ ಕಿಡಿ ಹಾರಬಹುದು.