ಜೇನು ತರಬೇತಿ: ಸರ್ಟಿಫಿಕೇಟ್‌ಗೂ ಮೊದಲು ಪೆಟ್ಟಿಗೆಗೆ ಕೈ ಹಾಕಿ

ತರಬೇತಿಗೆ ಹೆಸರು ಕೊಡುವ ಮುಂಚೆ ಫೋನ್ ಮಾಡಿ ಒಂದು ಮಾತು ಕೇಳಿ: “ಒಬ್ಬೊಬ್ಬರಿಗೂ ಪೆಟ್ಟಿಗೆ ತೆಗೆಯೋಕೆ ಎಷ್ಟು ಸಲ ಕೊಡ್ತೀರಿ ಸಾರ್?” ನಲವತ್ತು ಜನಕ್ಕೆ ಎರಡೇ ಪೆಟ್ಟಿಗೆ, ಅದೂ ಅರ್ಧ ದಿನ ಅಂದರೆ ಎರಿ (ಮೇಣದ ಗೂಡು) ಕಟ್ಟಿದ ಚೌಕಟ್ಟು ನಿಮ್ಮ ಕೈಗೆ ಬರುವುದೇ ಇಲ್ಲ. ಊಟ, ಗ್ರೂಪ್ ಫೋಟೊ, ಸರ್ಟಿಫಿಕೇಟ್ ಮೂರೂ ಸಿಗುತ್ತವೆ, ಜೇನು ಮಾತ್ರ ಗೊತ್ತಾಗುವುದಿಲ್ಲ.

ಜೇನು ಸಾಕಲು ಲೈಸೆನ್ಸ್ ಬೇಕಿಲ್ಲ. ಹಾಗಾದರೆ ಸರ್ಟಿಫಿಕೇಟ್ ಯಾಕೆ? ಸಹಾಯಧನಕ್ಕೆ, ಬ್ಯಾಂಕ್ ಸಾಲಕ್ಕೆ, ಕೆಲಸಕ್ಕೆ. ಈ ಮೂರರಲ್ಲಿ ನಿಮಗೆ ಯಾವುದು ಬೇಕು ಎನ್ನುವುದರ ಮೇಲೆ ತರಬೇತಿ ಆರಿಸಿಕೊಳ್ಳಿ. ಕೃಷಿ ವಿಜ್ಞಾನ ಕೇಂದ್ರಗಳ ಒಂದೆರಡು ದಿನದ ಶಿಬಿರದಲ್ಲಿ ಸಿಗುವುದು ಹಾಜರಿ ಪತ್ರ. ಮಂಡ್ಯದವರಿಗೆ ವಿ.ಸಿ. ಫಾರಂ, ನಂಜನಗೂಡು ಕಡೆಯವರಿಗೆ ಸುತ್ತೂರು ಕೇಂದ್ರ ಹತ್ತಿರ. ಜೇನು ನಿಮಗೆ ಒಗ್ಗುತ್ತದೋ ಇಲ್ಲವೋ ನೋಡಿಕೊಳ್ಳಲು ಇಷ್ಟು ಸಾಕು. ಗ್ರಾಮೀಣ ಯುವಕರ ಕೌಶಲ್ಯ ತರಬೇತಿ ಏಳು ದಿನದ್ದು. ಕೃಷಿ ಕೌಶಲ್ಯ ಮಂಡಳಿಯ ಜೇನು ಸಾಕಣೆಗಾರ ಕೋರ್ಸ್ ಇನ್ನೂ ಉದ್ದ, ವಾರಗಟ್ಟಲೆ ಹಿಡಿಯುತ್ತದೆ. ಇದರ ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ, ಕೆಲಸ ಮಾಡಿಸಿಯೂ ನೋಡುತ್ತಾರೆ. ಕೆಲಸಕ್ಕೆ ಅರ್ಜಿ ಹಾಕುವವರಿಗೆ, ಮುಂದೆ ತಾವೇ ತರಬೇತಿ ಕೊಡಬೇಕೆನ್ನುವವರಿಗೆ ಇದೇ ಸರಿ. ಖಾದಿ ಆಯೋಗದ ಹನಿ ಮಿಷನ್‌ನಲ್ಲಿ ಆಯ್ಕೆಯಾದವರಿಗೆ ತರಬೇತಿಯ ಜೊತೆ ಹತ್ತು ಪೆಟ್ಟಿಗೆ ಕೊಡುವ ಪದ್ಧತಿ ಇದೆ.

ತೋಟಗಾರಿಕೆ ಇಲಾಖೆಯ ಸಹಾಯಧನ ನಿಮ್ಮ ಲೆಕ್ಕದಲ್ಲಿದ್ದರೆ ಮೊದಲು ತಾಲ್ಲೂಕು ಕಚೇರಿಗೆ ಹೋಗಿ, ಯಾವ ಸಂಸ್ಥೆಯ ಪತ್ರ ನಡೆಯುತ್ತದೆ ಎಂದು ಕೇಳಿಕೊಂಡು ಆಮೇಲೆ ಸೇರಿ. ಆಧಾರ್, ಪಾಸ್‌ಬುಕ್, ಪಹಣಿ, ಎಫ್‌ಐಡಿ ನಂಬರ್ (ರೈತರ ಗುರುತಿನ ಸಂಖ್ಯೆ), ಎರಡು ಫೋಟೊ ಜೊತೆಗಿರಲಿ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಹೆಸರಿನ ಗೋಜಲಿನಿಂದ: ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಬುಕ್‌ನಲ್ಲಿ ಮುಂದೆ, ಸರ್ಟಿಫಿಕೇಟ್‌ನಲ್ಲಿ ಇಲ್ಲವೇ ಇಲ್ಲ. ತರಬೇತಿಯ ಮೊದಲ ದಿನ ರಿಜಿಸ್ಟರ್‌ನಲ್ಲಿ ಆಧಾರ್‌ನಲ್ಲಿ ಇರುವ ಹಾಗೆಯೇ ಬರೆಸಿ. ಪ್ರಿಂಟಾದ ಮೇಲೆ ತಿದ್ದಿಸಲು ಅಲೆಯಬೇಕಾಗುತ್ತದೆ.

ಸೇರುವ ಕಾಲ ನೋಡಿಕೊಳ್ಳಿ. ಜೋರು ಮಳೆಯಲ್ಲಿ ಹೂವಿಲ್ಲ, ಜೇನು ಕುಟುಂಬಗಳು (ಒಂದೊಂದು ಪೆಟ್ಟಿಗೆಯ ನೊಣಗಳ ಗುಂಪು) ಸೊರಗಿರುತ್ತವೆ, ತರಬೇತುದಾರರೂ ಪೆಟ್ಟಿಗೆ ತೆಗೆಯಲು ಹಿಂದೆಮುಂದೆ ನೋಡುತ್ತಾರೆ. ಮಳೆ ಹಿಂದಾಗಿ ಹುಚ್ಚೆಳ್ಳು ಹೂ ಬಿಟ್ಟ ಮೇಲೆ, ಇಲ್ಲವೇ ಬೇವು, ಹೊಂಗೆ ಹೂವಿನ ಕಾಲದಲ್ಲಿ ಹೋದರೆ ಮೊಟ್ಟೆ, ಮರಿ, ಗಂಡು ನೊಣ, ರಾಣಿ ಕೋಶ ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನಾದ ತುಡುವೆಯಲ್ಲೇ ಕಲಿಯಿರಿ. ಹೆಜ್ಜೇನು, ಕೋಲು ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಹೊರದೇಶದಿಂದ ಬಂದ ಮೆಲ್ಲಿಫೆರಾ ನೊಣ ಜೇನುತುಪ್ಪ ಹೆಚ್ಚು ಕೊಡುತ್ತದೆ ನಿಜ, ಆದರೆ ಹೂವಿದ್ದ ಕಡೆಗೆ ಪೆಟ್ಟಿಗೆ ಸಾಗಿಸುತ್ತಿರಬೇಕು. ಹೊಸಬರಿಗೆ ಆ ಲಾರಿ ಬಾಡಿಗೆ ಹೊರೆ.

ಮೊದಲ ದಿನ ತಿಳಿಬಣ್ಣದ ತುಂಬುತೋಳಿನ ಅಂಗಿ ಹಾಕಿ. ಸೆಂಟು, ತಲೆಗೆ ಘಮಘಮ ಎಣ್ಣೆ ಬೇಡ. ಹಿಂದೆ ಜೇನು ಕಚ್ಚಿ ಉಸಿರು ಕಟ್ಟಿದ್ದರೆ ಅಥವಾ ಮೈಯೆಲ್ಲ ದದ್ದು ಎದ್ದಿದ್ದರೆ ಡಾಕ್ಟರಿಗೆ ತೋರಿಸದೆ ಬರಬೇಡಿ. ಚುಚ್ಚಿದ ಮುಳ್ಳನ್ನು ಕೂಡಲೇ ತೆಗೆಯಬೇಕು, ತಡವಾದಷ್ಟೂ ವಿಷ ಒಳಗಿಳಿಯುತ್ತದೆ. ಉಗುರಿನಿಂದ ಪಕ್ಕಕ್ಕೆ ಕೆರೆದು ತೆಗೆಯಿರಿ.

ಕೈ ಪಳಗಬೇಕಾದದ್ದು ಪೆಟ್ಟಿಗೆ ತೆಗೆಯುವುದರಲ್ಲಿ. ಪರೀಕ್ಷಕರೂ ನೋಡುವುದು ಅದನ್ನೇ. ಹೊಗೆ ತಿದಿಗೆ ಒಣ ತೆಂಗಿನ ನಾರು ತುಂಬಿ, ಹೊಗೆ ತಣ್ಣಗೆ ಬೆಳ್ಳಗೆ ಬರುತ್ತದೆಯೇ ಎಂದು ನಿಮ್ಮ ಕೈಗೇ ಬಿಟ್ಟು ನೋಡಿ. ಬಾಗಿಲ ಎದುರು ನಿಲ್ಲದೆ ಪಕ್ಕದಲ್ಲಿ ನಿಂತು ಎರಡು ಮೂರು ಸಲ ಹೊಗೆ ಕೊಟ್ಟು ಅರ್ಧ ನಿಮಿಷ ಬಿಡಿ. ತುಡುವೆಗೆ ಹೊಗೆ ಹೆಚ್ಚಾದರೆ ನೊಣಗಳು ಎರಿ ಬಿಟ್ಟು ಓಡಾಡುತ್ತವೆ, ರಾಣಿ ಮೂಲೆ ಸೇರಿಕೊಳ್ಳುತ್ತದೆ. ಅಂಚಿನ ಚೌಕಟ್ಟನ್ನು ಮೊದಲು ತೆಗೆದು ಪಕ್ಕಕ್ಕಿಟ್ಟರೆ ಉಳಿದವುಗಳನ್ನು ಸರಿಸಲು ಜಾಗವಾಗುತ್ತದೆ. ನಡುವಿನದಕ್ಕೇ ಕೈ ಹಾಕಿದರೆ ಪಕ್ಕದ ಎರಿಗೆ ಉಜ್ಜಿ ರಾಣಿಯೇ ಸಾಯಬಹುದು.

ಚೌಕಟ್ಟನ್ನು ತಟ್ಟೆಯಂತೆ ಅಡ್ಡ ಮಲಗಿಸಿ ಹಿಡಿಯಬೇಡಿ. ಜೇನು ತುಂಬಿದ ಹೊಸ ಎರಿ ಬಿಸಿಲಿಗೆ ಮೆತ್ತಗಾಗಿ ಕಳಚಿ ಬೀಳುತ್ತದೆ. ಹಿಂಬದಿ ನೋಡಬೇಕಾದರೆ ಒಂದು ತುದಿ ಮೇಲೆತ್ತಿ ಮೇಲ್ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲು ತಿರುಗಿಸಿದಂತೆ ತಿರುಗಿಸಿ, ಮತ್ತೆ ಇಳಿಸಿ. ಮನೆಯಲ್ಲಿ ಖಾಲಿ ಚೌಕಟ್ಟಿನಲ್ಲಿ ಐವತ್ತು ಸಲ ಮಾಡಿ ನೋಡಿ, ಕೈಗೆ ಕೂರುತ್ತದೆ.

ರಾಣಿಯನ್ನು ಹುಡುಕುತ್ತಾ ನಿಲ್ಲಬೇಡಿ, ಮೊಟ್ಟೆ ನೋಡಿ. ಬಿಸಿಲು ಹೆಗಲ ಮೇಲಿಂದ ಕೋಶದ ತಳಕ್ಕೆ ಬೀಳುವಂತೆ ನಿಂತರೆ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಕಡ್ಡಿ ಕಾಣುತ್ತದೆ. ಮೊದಲ ದಿನ ಅದು ನೆಟ್ಟಗೆ ನಿಂತಿರುತ್ತದೆ, ಎರಡನೇ ದಿನ ವಾಲುತ್ತದೆ, ಮೂರನೇ ದಿನ ಮಲಗುತ್ತದೆ. ನಿಂತ ಮೊಟ್ಟೆ ಕಂಡರೆ ರಾಣಿ ನಿನ್ನೆ ಮೊನ್ನೆ ಅಲ್ಲೇ ಇತ್ತೆಂದು ಲೆಕ್ಕ. ಒಂದೇ ಕೋಶದಲ್ಲಿ ಅಡ್ಡಾದಿಡ್ಡಿ ಮೂರು ನಾಲ್ಕು ಮೊಟ್ಟೆ ಇದ್ದರೆ ರಾಣಿ ಹೋಗಿದೆ, ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ ಎನ್ನಬಹುದು. ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯಂತೆ ಕೋಶ ಜೋತಾಡುತ್ತಿದ್ದರೆ ಕುಟುಂಬ ಪಾಲಾಗಲು ಸಿದ್ಧವಾಗುತ್ತಿದೆ.

ರೋಗದ ಪ್ರಶ್ನೆ ತಪ್ಪದೆ ಬರುತ್ತದೆ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ನಾಶ ಮಾಡಿದ್ದು ಥಾಯ್ ಸ್ಯಾಕ್‌ಬ್ರೂಡ್ ವೈರಸ್. ಸತ್ತ ಮರಿ ಕೋಶದಲ್ಲಿ ತಲೆ ಮೇಲೆತ್ತಿ ಚೂಪಾಗಿ ಮಲಗಿರುತ್ತದೆ, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಜೋಲುತ್ತದೆ. ಇದಕ್ಕೆ ಔಷಧಿ ಇಲ್ಲ. ಆ ಪೆಟ್ಟಿಗೆಯ ಎರಿಯನ್ನು ಬೇರೆಯದಕ್ಕೆ ಹಾಕಬೇಡಿ, ಅದನ್ನು ಮುಟ್ಟಿದ ಕೈ ತೊಳೆಯದೆ ಮುಂದಿನ ಪೆಟ್ಟಿಗೆಗೆ ಹೋಗಬೇಡಿ. ಎರಿಯಲ್ಲಿ ಜೇಡರ ಬಲೆಯಂಥ ನೂಲು ಕಂಡರೆ ಅದು ಮೇಣದ ಹುಳು. ಅಡಿ ಹಲಗೆಯ ಕಸ ವಾರಕ್ಕೊಮ್ಮೆ ಗುಡಿಸದೆ ಬಿಟ್ಟಿದ್ದರ ಫಲ ಅದು.

ಹೂವಿಲ್ಲದ ದಿನಗಳಿಗೆ ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ನೀರು ಕುದಿಸಿ, ಇಳಿಸಿ, ಸಕ್ಕರೆ ಕರಗಿಸಿ, ಆರಿದ ಮೇಲೆ ಸಂಜೆ ಒಳಗಿಡಿ. ಹಗಲಲ್ಲಿ ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ಲೂಟಿಗೆ ಬರುತ್ತವೆ. ಮಂಡ್ಯದಲ್ಲಿ ಬೆಲ್ಲ ಕೈಗೆ ಹತ್ತಿರ, ಆದರೂ ಬೆಲ್ಲದ ನೀರು ಬೇಡ, ನೊಣಕ್ಕೆ ಭೇದಿ ಹಿಡಿಯುತ್ತದೆ. ಆಲೆಮನೆ ಪಕ್ಕದಲ್ಲಿ ಪೆಟ್ಟಿಗೆ ಇಡಲೂ ಬಾರದು: ನೊಣಗಳು ಕಬ್ಬಿನ ಹಾಲಿನ ವಾಸನೆಗೆ ಹೋಗಿ ಕೊಪ್ಪರಿಗೆಯಲ್ಲೇ ಸಾಯುತ್ತವೆ. ಬರೀ ಗದ್ದೆ ಬಯಲೂ ಅಷ್ಟಕ್ಕಷ್ಟೆ, ಭತ್ತದಲ್ಲಿ ಪರಾಗ ಸಿಗುತ್ತದೆ, ಮಕರಂದ ಇಲ್ಲ. ತೆಂಗು, ಹೊಂಗೆ, ಹುಣಸೆ ಇರುವ ಕಡೆ ನೆರಳಲ್ಲಿಟ್ಟು, ಸ್ಟ್ಯಾಂಡಿನ ಕಾಲನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಬಟ್ಟಲು ಒಂದು ರಾತ್ರಿ ಒಣಗಿದರೂ ಇರುವೆ ಹತ್ತುತ್ತದೆ, ಬೆಳಿಗ್ಗೆ ಕುಟುಂಬ ಪರಾರಿ.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಎರಡೇ ಕುಟುಂಬದಿಂದ ಶುರು ಮಾಡಿ. ಒಂದು ಸಾಲದು, ಒಂದು ಸೊರಗಿದಾಗ ಹೋಲಿಸಲು, ಮರಿ ಚೌಕಟ್ಟು ಎರವಲು ಕೊಡಲು ಇನ್ನೊಂದು ಬೇಕು. ರಾಷ್ಟ್ರೀಯ ಜೇನು ಮಂಡಳಿಯ ಮಧುಕ್ರಾಂತಿ ಪೋರ್ಟಲ್ 2021ರ ಏಪ್ರಿಲ್‌ನಿಂದ ಇದೆ, ಕುಟುಂಬಗಳು ಹೆಚ್ಚಾದ ಮೇಲೆ ಅಲ್ಲಿ ನೋಂದಾಯಿಸಿ. ಲೇಬಲ್ ಹಾಕಿ ಜೇನುತುಪ್ಪ ಮಾರುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇರೆಯೇ, ತರಬೇತಿ ಪತ್ರ ಅಲ್ಲಿ ನಡೆಯುವುದಿಲ್ಲ. ಅವರ ಲೆಕ್ಕದಲ್ಲಿ ತುಪ್ಪದ ತೇವಾಂಶ 20 ಶೇಕಡ ದಾಟಬಾರದು. ಹಾಗಾಗಿ ಮುಕ್ಕಾಲು ಪಾಲು ಕೋಶಕ್ಕೆ ಮೇಣದ ಮುಚ್ಚಳ ಬೀಳುವ ತನಕ ಎರಿ ತೆಗೆಯಬೇಡಿ. ಅವಸರಕ್ಕೆ ತೆಗೆದ ತುಪ್ಪ ಬಾಟಲಿಯಲ್ಲೇ ಹುಳಿಯುತ್ತದೆ, ಮುಚ್ಚಳ ತಿರುಗಿಸಿದಾಗ ಬುಸ್ಸೆನ್ನುತ್ತದೆ.