ಬಿದ್ದ ಮೂರು ದಿನ, ಎದ್ದ ಮೂರು ದಿನ

ನಾನು ಕರಡು ತಿದ್ದುವವನು. ಪ್ರೂಫ್ ರೀಡರ್ ಅಂದರೆ ಬೇಗ ಅರ್ಥವಾಗುತ್ತದೆ. 22 ವರ್ಷ ಒಂದೇ ಪ್ರೆಸ್ಸಿನಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಬೇರೆಯವರ ತಪ್ಪು ಹುಡುಕಿದ್ದೇನೆ. ನನಗೆ 47 ಆಗಿದ್ದಾಗ ಒಂದು ಶುಕ್ರವಾರ ಸಂಜೆ ನಾಲ್ಕೂವರೆಗೆ ಒಳಗೆ ಕರೆದರು. ಹೊರಗೆ ಬರುವಾಗ ಕೈಯಲ್ಲಿ ಒಂದು ಲಕೋಟೆ ಇತ್ತು. ಸೋಮವಾರದಿಂದ ಬರುವುದು ಬೇಡ ಎಂದು ಅದರಲ್ಲಿ ಬರೆದಿತ್ತು. ಆ ಪತ್ರದಲ್ಲೂ ಎರಡು ಕಾಗುಣಿತದ ತಪ್ಪುಗಳಿದ್ದವು.

ಅದಾಗಿ ನಾಲ್ಕು ತಿಂಗಳಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಮತ್ತೆ ಎರಡು ವರ್ಷಕ್ಕೆ, ಕನಸಲ್ಲೂ ನೆನೆಯದಷ್ಟು ಕೆಲಸ ನನ್ನನ್ನು ಹುಡುಕಿಕೊಂಡು ಬಂತು. ಈ ಮೂರರಲ್ಲಿ ನಾನು ತೀರಾ ಕೆಟ್ಟದಾಗಿ ನಿಭಾಯಿಸಿದ್ದು ಯಾವುದು ಗೊತ್ತಾ? ಮೂರನೆಯದನ್ನು. ಅದರ ಕತೆ ಆಮೇಲೆ.

‘ಗಟ್ಟಿಯಾಗಿರು’ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಒಬ್ಬರೂ ಹೇಳುವುದಿಲ್ಲ. ನನಗೆ ಗೊತ್ತಾದ ಮಟ್ಟಿಗೆ ಇದು ಮನಸ್ಸಿನ ಕೆಲಸಕ್ಕಿಂತ ಜಾಸ್ತಿ ಕೈಯ ಕೆಲಸ. ಮನಸ್ಸು ಹೇಳಿದ ಮಾತು ಕೇಳುವುದಿಲ್ಲ, ಕೈ ಕೇಳುತ್ತದೆ.

ಮೊದಲ ಮೂರು ದಿನ ಯಾವ ತೀರ್ಮಾನವೂ ಬೇಡ

ಕೆಟ್ಟ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಬೆರಳು ತಣ್ಣಗಾಗುತ್ತವೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಸಜ್ಜಾದ ಮೈ ಅದು. ಲೆಕ್ಕ ಹಾಕುವುದಕ್ಕೆ, ಪತ್ರ ಬರೆಯುವುದಕ್ಕೆ ಆಗುವ ಮೈ ಅಲ್ಲ. ಆ ಶುಕ್ರವಾರ ರಾತ್ರಿ ಎರಡು ಗಂಟೆಗೆ ನಾನು ಮಾಲೀಕರಿಗೆ ನಾಲ್ಕು ಪುಟದ ಪತ್ರ ಬರೆದೆ. ನನ್ನ ಜೀವನದಲ್ಲೇ ಒಂದೂ ತಪ್ಪಿಲ್ಲದ ಕರಡು ಅದು. ಪ್ರಿಂಟರಿನಲ್ಲಿ ಇಂಕ್ ಮುಗಿದಿದ್ದರಿಂದ ಬಚಾವಾದೆ. ಸೋಮವಾರ ಓದಿ ನೋಡಿದಾಗ ನಾಚಿಕೆಯಾಯಿತು.

ಆಮೇಲಿಂದ ನನ್ನದೊಂದು ಕಟ್ಟುನಿಟ್ಟು. 72 ಗಂಟೆ ರಾಜೀನಾಮೆ ಇಲ್ಲ, ಮನೆ ಮಾರುವ ಮಾತಿಲ್ಲ, ಯಾರ ಜೊತೆಗೂ ಸಂಬಂಧ ಕಡಿದುಕೊಳ್ಳುವುದಿಲ್ಲ, ಉದ್ದದ ಮೆಸೇಜ್ ಇಲ್ಲ. ಮೂರು ದಿನ ಅನ್ನುವುದು ಯಾವ ವಿಜ್ಞಾನಿಯ ಲೆಕ್ಕವೂ ಅಲ್ಲ, ನನ್ನದೇ. ನಿಮಗೆ ಎರಡು ಸಾಕಾದರೆ ಎರಡು.

ಆ ದಿನಗಳಲ್ಲಿ ಮೈಯನ್ನು ಮಾತ್ರ ನೋಡಿಕೊಳ್ಳಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ಐದು ನಿಮಿಷ ಸಾಕು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ ಎಷ್ಟೋ ಜನಕ್ಕೆ ಅದು ತಿಳಿಯುತ್ತದೆ. ಅರ್ಧ ಗಂಟೆ ನಡೆಯಿರಿ. ನಿದ್ದೆ ಬರದಿದ್ದರೂ ದೀಪ ಆರಿಸಿ ಮಲಗಿ, ಫೋನ್ ಬೇರೆ ಕೋಣೆಯಲ್ಲಿರಲಿ.

ಕೆಲವಕ್ಕೆ ಮೂರು ದಿನ ಕಾಯಲು ಆಗುವುದಿಲ್ಲ. ಅಪ್ಪನ ಮಾತು ತೊದಲಿ, ಬಾಯಿ ಒಂದು ಕಡೆಗೆ ಎಳೆದಾಗ ಕಾಯುವ ಪ್ರಶ್ನೆಯೇ ಇರಲಿಲ್ಲ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಂಥ ಹೊತ್ತಿನಲ್ಲಿ ಆ ಒಂದೇ ಕೆಲಸ ಮಾಡಿ. ಉಳಿದ ತೀರ್ಮಾನಗಳನ್ನೆಲ್ಲ ಮುಂದಕ್ಕೆ ಹಾಕಿ. ‘ಅಪ್ಪನನ್ನು ಇನ್ನು ಮುಂದೆ ಯಾರು ನೋಡಿಕೊಳ್ಳುವುದು’ ಎಂದು ನಾವು ಅಣ್ಣ ತಮ್ಮ ಆಸ್ಪತ್ರೆಯ ಬಾಗಿಲಲ್ಲೇ ಜಗಳ ಶುರು ಮಾಡಿದ್ದೆವು. ಬೇಕಿತ್ತಾ ಅದು?

ಮೂಲದಲ್ಲಿ ಏನಿದೆ, ನೀವು ಸೇರಿಸಿದ್ದೇನು?

ನಾಲ್ಕನೆಯ ದಿನ ಹಾಳೆ ತೆಗೆದುಕೊಳ್ಳಿ. ಕರಡು ತಿದ್ದುವಾಗ ಎರಡು ಪ್ರತಿ ಪಕ್ಕಪಕ್ಕ ಇಟ್ಟುಕೊಳ್ಳುತ್ತೇವೆ. ಒಂದು ಲೇಖಕರು ಕೊಟ್ಟ ಮೂಲ, ಇನ್ನೊಂದು ಅಚ್ಚಿಗೆ ಜೋಡಿಸಿದ್ದು. ಮೂಲದಲ್ಲಿ ಇಲ್ಲದ್ದು ಇದರಲ್ಲಿ ಬಂದಿದ್ದರೆ ಕೆಂಪು ಗೆರೆ. ನನ್ನ ಕಷ್ಟಕ್ಕೂ ಇದನ್ನೇ ಮಾಡಿದೆ. ಹಾಳೆಯ ಎಡಕ್ಕೆ ನಡೆದದ್ದು, ಬಲಕ್ಕೆ ನನ್ನ ತಲೆಯೊಳಗೆ ಓಡುತ್ತಿರುವುದು.

ಎಡಕ್ಕೆ ಒಂದೇ ಸಾಲು ಬಂತು: ‘ಕೆಲಸ ಹೋಯಿತು. ಆರು ತಿಂಗಳ ಖರ್ಚಿಗೆ ದುಡ್ಡಿದೆ.’ ಬಲಗಡೆ ಹಾಳೆ ಸಾಲಲಿಲ್ಲ. ‘ನಾನು ಯಾವುದಕ್ಕೂ ಬಾರದವನು’, ‘ಈ ವಯಸ್ಸಿಗೆ ಯಾರು ಕರೆಯುತ್ತಾರೆ’, ‘ಮಗಳು ನನ್ನ ಬಗ್ಗೆ ಏನಂದುಕೊಳ್ಳುತ್ತಾಳೆ’. ಯಾವುದೂ ಮೂಲದಲ್ಲಿ ಇರಲಿಲ್ಲ. ಗೆರೆ ಎಳೆದ ಮಾತ್ರಕ್ಕೆ ಅವು ಓಡಿಹೋಗಲಿಲ್ಲ. ಆದರೆ ಅವು ಸುದ್ದಿಯಲ್ಲ, ನಾನು ಸೇರಿಸಿದ್ದು ಅಂತ ಕಣ್ಣಿಗೆ ಕಂಡಿತು. ‘ಯಾರು ಕರೆಯುತ್ತಾರೆ’ ಅನ್ನುವುದು ಮಾತ್ರ ಪ್ರಶ್ನೆ. ಪ್ರಶ್ನೆಯಾದರೆ ಕೇಳಬಹುದು. ಹನ್ನೊಂದು ಜನಕ್ಕೆ ಕೇಳಿದೆ. ಇಬ್ಬರು ಕರೆದರು.

ಬರೆಯುವುದಕ್ಕೆ ಒಂದು ಹಳೆಯ ಆಧಾರವೂ ಇದೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರೊಂದಿಗೆ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ತಮ್ಮನ್ನು ತೀರಾ ಕಾಡಿದ ವಿಷಯದ ಬಗ್ಗೆ ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ಬರೆದ ಹೊತ್ತಿಗೆ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ನಡೆದದ್ದನ್ನೂ ಅದರ ನೋವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಹಾಗಾಗಿ ಬರೆದ ದಿನ ಅಳು ಬಂದರೆ ಗಾಬರಿ ಬೇಡ. ವಾರ ಕಳೆದರೂ ಕುಗ್ಗುತ್ತಲೇ ಹೋದರೆ ಮಾತ್ರ ಬರೆಯುವುದನ್ನು ಬಿಟ್ಟುಬಿಡಿ. ಎಲ್ಲರಿಗೂ ಹೊಂದುವ ಮದ್ದು ಅಲ್ಲ ಇದು.

ಅಡಿಪಟ್ಟಿ ಇಟ್ಟು ಓದುವುದು

ನಮ್ಮ ಕೆಲಸದಲ್ಲಿ ಓದುವ ಸಾಲಿನ ಕೆಳಗೆ ಅಡಿಪಟ್ಟಿ ಇಡುತ್ತೇವೆ. ಇಲ್ಲದಿದ್ದರೆ ಕಣ್ಣು ಮುಂದೆ ಓಡುತ್ತದೆ, ಇರುವ ಸಾಲಿನ ತಪ್ಪು ಕಾಣುವುದಿಲ್ಲ. ಕಷ್ಟದಲ್ಲೂ ಅಷ್ಟೇ. ಕೆಲಸ ಹೋದ ತಿಂಗಳು ನನ್ನ ದಿನಕ್ಕೆ ಒಂದೇ ಸಾಲು ಇಟ್ಟುಕೊಂಡಿದ್ದೆ: ಬೆಳಿಗ್ಗೆ ಹತ್ತಕ್ಕೆ ಮೇಜಿನ ಮುಂದೆ ಕೂತು ಒಬ್ಬರಿಗೆ ಫೋನ್. ಅಷ್ಟೇ. ಮಾಡಿದರೆ ಆ ದಿನ ಮುಗಿಯಿತು.

ಕೆಲಸ ಸಣ್ಣದಿರಲಿ, ಅದಕ್ಕೊಂದು ಗಂಟು ಹಾಕಿ. ‘ವ್ಯಾಯಾಮ ಮಾಡುತ್ತೇನೆ’ ಅಂದರೆ ಆಗುವುದಿಲ್ಲ. ‘ಹಲ್ಲುಜ್ಜಿದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಡುತ್ತೇನೆ’ ಅಂದರೆ ಆಗುತ್ತದೆ. ‘ಇದಾದ ಕೂಡಲೇ ಅದು’ ಅನ್ನುವ ಹೊಂದಿಕೆ. ಮನಸ್ಸು ಚೆನ್ನಾಗಾದ ಮೇಲೆ ಕೆಲಸ ಮಾಡೋಣ ಅಂತ ಕಾದರೆ ಕಾಯುತ್ತಲೇ ಇರುತ್ತೀರಿ. ಖಿನ್ನತೆಗೆ ಕೊಡುವ ಒಂದು ಚಿಕಿತ್ಸೆಯೂ ಇದನ್ನೇ ತಿರುವುಮುರುವು ಮಾಡುತ್ತದೆ. ಮೊದಲು ಸಣ್ಣ ಕೆಲಸ, ಮನಸ್ಸು ಅದರ ಹಿಂದೆ.

ಒಬ್ಬರಿಗೆ ಹೇಳಿ. ಹತ್ತು ಜನಕ್ಕೆ ಬೇಡ, ಒಬ್ಬರಿಗೆ. 1955ರಲ್ಲಿ ಹವಾಯಿಯ ಕವಾಯಿ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ ಎಲ್ಲ ಒಟ್ಟಿಗೆ ಬಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರು ಚೆನ್ನಾಗಿಯೇ ಬೆಳೆದರು. ಅವರಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿ, ಚಿಕ್ಕಂದಿನಲ್ಲಿ ನಂಬಿ ಆತುಕೊಳ್ಳಲು ಕನಿಷ್ಠ ಒಬ್ಬ ದೊಡ್ಡವರು ಇದ್ದದ್ದು. ಹೇಳುವಾಗ ಏನು ಬೇಕು ಅಂತಲೂ ಹೇಳಿ. ‘ಸಲಹೆ ಬೇಡ, ಸುಮ್ನೆ ಕೇಳು’ ಅಂತ ನಾನು ನನ್ನ ಹೆಂಡತಿಗೆ ಮೊದಲೇ ಹೇಳಿಬಿಡುತ್ತೇನೆ. ಅವಳು ಆದರೂ ಸಲಹೆ ಕೊಡುತ್ತಾಳೆ. ಇರಲಿ.

ಇನ್ನೊಂದು ಮಾತು. ತಡೆದುಕೊಳ್ಳುವುದು ಅಂದರೆ ಎಲ್ಲವನ್ನೂ ಸಹಿಸಿಕೊಳ್ಳುವುದು ಅಲ್ಲ. ನನಗೆ ಬರಬೇಕಾದ ಎರಡು ತಿಂಗಳ ಬಾಕಿ ಸಂಬಳಕ್ಕೆ ಬರೆದೆ, ಮತ್ತೆ ಬರೆದೆ. ಐದನೆಯ ಪತ್ರಕ್ಕೆ ಬಂತು.

ಎದ್ದಾಗಲೂ ಮೂರು ದಿನ

ಈಗ ಆ ಮೂರನೆಯ ಕತೆ. ದೊಡ್ಡ ಪಠ್ಯಪುಸ್ತಕದ ಕೆಲಸ ಬಂತು. ಖುಷಿಗೆ ಎಲ್ಲದಕ್ಕೂ ಹೂಂ ಅಂದೆ. ಇನ್ನೂ ನಾಲ್ಕು ಪುಸ್ತಕ ಒಪ್ಪಿಕೊಂಡೆ. ತಮ್ಮನಿಗೆ ದುಡ್ಡು ಕೊಡುತ್ತೇನೆ ಅಂದೆ, ಮಗಳಿಗೆ ಹೊಸ ಗಾಡಿ ಅಂದೆ. ಆರು ವಾರ ದಿನಕ್ಕೆ ನಾಲ್ಕು ಗಂಟೆ ನಿದ್ದೆ. ನಡೆಯುವುದು ಬಿಟ್ಟುಹೋಯಿತು, ಒಬ್ಬರಿಗೂ ಫೋನಿಲ್ಲ. ಒಂದು ಅಧ್ಯಾಯದ ತಲೆಬರಹವೇ ತಪ್ಪಾಗಿ ಅಚ್ಚಾಯಿತು. ತಮ್ಮನಿಗೆ ಕೊಟ್ಟ ಮಾತು ಇವತ್ತಿಗೂ ಪೂರ್ತಿ ತೀರಿಲ್ಲ.

ಒಳ್ಳೆಯದೂ ಭಾರವೇ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬಿಬ್ಬರು ಬದುಕಿನ 43 ಬದಲಾವಣೆಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100. ಕೆಲಸದಿಂದ ತೆಗೆದುಹಾಕಿದರೆ 47. ಮದುವೆಗೆ ಎಷ್ಟು ಗೊತ್ತಾ? 50! ದೊಡ್ಡ ಸಾಧನೆಗೂ 28. ಆ ಅಂಕಗಳನ್ನು ಅಳತೆಗೋಲು ಅಂತ ಹಿಡಿಯಬೇಡಿ, ಒಬ್ಬೊಬ್ಬರಿಗೆ ಒಂದೊಂದು ಥರ. ಒಳ್ಳೆಯ ಸುದ್ದಿಗೂ ಅಂಕ ಇದೆ ಅನ್ನುವುದನ್ನು ಮಾತ್ರ ನೋಡಿ.

ಆದ್ದರಿಂದ ಏಳಿಗೆಯಲ್ಲೂ 72 ಗಂಟೆ ಮಾತು ಕೊಡಬೇಡಿ, ಸಾಲ ಮಾಡಬೇಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅಂತಾರಲ್ಲ, ಬಾವಿ ತೋಡುವ ಹೊತ್ತು ಇದೇ. ಬಿಟ್ಟುಹೋದ ಗೆಳೆಯನಿಗೆ ಫೋನ್ ಮಾಡಿ. ಆರು ತಿಂಗಳ ಖರ್ಚು ಬೇರೆ ಎತ್ತಿಡಿ. ತಪಾಸಣೆ ಮಾಡಿಸಿಕೊಳ್ಳಿ.

ಇದೆಲ್ಲ ಸಾಲದ ಸಂದರ್ಭಗಳಿವೆ. ಎರಡು ವಾರ ಬಿಡದೆ ಮನಸ್ಸು ಮಂಕಾಗಿದ್ದರೆ, ಇಷ್ಟದ್ದೂ ರುಚಿಸದಿದ್ದರೆ, ನಿದ್ದೆ ಕೆಟ್ಟು ಕೆಲಸ ನಿಂತುಹೋದರೆ ವೈದ್ಯರ ಬಳಿ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಎರಡು ಗಂಟೆಯೂ ಬೇಡ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅವತ್ತೇ ಹೋಗಿ. ಅಡಿಪಟ್ಟಿ, ಹಾಳೆ ಎಲ್ಲ ಆಮೇಲೆ.

ಮೊನ್ನೆ ಕಣ್ಣಿನ ತಪಾಸಣೆಗೆ ಹೋಗಿದ್ದೆ. ಗ್ಲಾಕೋಮಾ ಅಂದರು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು. ಕರಡು ತಿದ್ದುವವನಿಗೆ ಈ ಮಾತು. ಕೆಲಸ ಬಿಡಬೇಕಾ, ಮಗಳಿಗೆ ಯಾವಾಗ ಹೇಳಬೇಕು, ಯಾವುದನ್ನೂ ತೀರ್ಮಾನಿಸಿಲ್ಲ. ಇವತ್ತು ಎರಡನೆಯ ದಿನ. ರಾತ್ರಿ ಹಲ್ಲುಜ್ಜಿದ ಕೂಡಲೇ ಹನಿ ಅಂತ ಗಂಟು ಹಾಕಿಕೊಂಡಿದ್ದೇನೆ. ನಿನ್ನೆ ಒಂದು ಹನಿ ಕೆನ್ನೆಗೆ ಬಿತ್ತು, ಇನ್ನೊಂದು ಸರಿಯಾಗಿ ಬಿತ್ತು. ಹಾಳೆ ಮೇಜಿನ ಮೇಲೆ ಇದೆ, ಅದನ್ನು ನಾಡಿದ್ದು ತೆಗೆಯುತ್ತೇನೆ.